ಇಪ್ಪತ್ತೆರಡು ಅಕ್ಷರ, ಒಂದು ಸುಳ್ಳು

2022ರ ಮಾರ್ಚ್ 16ರಂದು 12ರಿಂದ 14 ವರ್ಷದ ಮಕ್ಕಳಿಗೆ ಕೋರ್ಬೆವ್ಯಾಕ್ಸ್ ಲಸಿಕೆ ಕೊಡೋದು ಶುರುವಾಯ್ತು. ಅದೇ ವಾರ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವವರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಸಾರ್, ಮಕ್ಕಳ ಸೂಜಿಯೊಳಗೆ ಡಿಎನ್‌ಎ ಐತಂತಲ್ಲ, ಹೌದೇನು?" ಅವರ ಮಗಳಿಗೆ ಆಗ ಹದಿಮೂರು.

"ಅಂಥಾದ್ದೇನೂ ಇಲ್ಲ. ಬರೀ ಪ್ರೋಟೀನ್ ಅದು. ಧೈರ್ಯವಾಗಿ ಹಾಕಿಸ್ರಿ" ಅಂದೆ. ಹಾಕಿಸಿದರು.

ಕೆಲವು ದಿನ ಕಳೆದು ಮತ್ತೆ ಸಿಕ್ಕರು. ಈ ಸಲ ಕೈಯಲ್ಲಿ ಮೊಬೈಲು, ಅದರಲ್ಲಿ ಲಸಿಕೆಯ ಮಾಹಿತಿ ಪತ್ರ. ಒಂದು ಡೋಸಿನಲ್ಲಿ ವೈರಸ್ಸಿನ ಪ್ರೋಟೀನು 25 ಮೈಕ್ರೋಗ್ರಾಂ, ಅಲ್ಯೂಮಿನಿಯಂ ಲವಣ 750, ಸಿಪಿಜಿ 1018 ಅನ್ನೋದು 750. ಈ ಸಿಪಿಜಿ 1018 ಏನು ಅಂತ ಯಾರೋ ಹುಡುಗ ಹುಡುಕಿ ಹೇಳಿದ್ದ. ಪ್ರಯೋಗಾಲಯದಲ್ಲಿ ತಯಾರಿಸಿದ ಡಿಎನ್‌ಎ ತುಣುಕು. "ನೀವು ಇಲ್ಲ ಅಂದ್ರಿ. ಇಲ್ಲಿ ಬರದಾರಲ್ಲ ಸಾರ್?" ಎರಡನೇ ಡೋಸಿಗೆ 28 ದಿನದ ಅಂತರ ಇತ್ತು. "ನೋಡೋಣ" ಅಂದು ಹೋದರು.

ನಾನು ಕೊಟ್ಟ ಸಲಹೆ ತಪ್ಪಲ್ಲ, ಕೊಟ್ಟ ಕಾರಣ ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ, ಗೊತ್ತಿಲ್ಲದೆ ಹೇಳಿದ್ದು. ಆದರೆ ಯಾಕೆ ಗೊತ್ತಿರಲಿಲ್ಲ? ಆ ಎರಡು ವರ್ಷ ಕನ್ನಡದಲ್ಲಿ ಲಸಿಕೆ ಬಗ್ಗೆ ಬಂದ ಬರಹಗಳನ್ನು ನಾನು ಬಿಡದೆ ಓದಿದ್ದೆ, ನಾನೂ ನಾಲ್ಕಾರು ಬರೆದಿದ್ದೆ. ಆಮೇಲೆ ಕೂತು ಅವನ್ನೆಲ್ಲ ಮತ್ತೆ ಓದಿದೆ. ಓದಿದವುಗಳಲ್ಲೆಲ್ಲ ಎರಡೇ ಪದ ಮತ್ತೆ ಮತ್ತೆ: 'ಸೈನಿಕರು' ಮತ್ತು 'ಶಕ್ತಿ'. ದೇಹ ಒಂದು ಕೋಟೆ, ರಕ್ತದಲ್ಲಿ ಸೈನಿಕರು, ಲಸಿಕೆ ಹಾಕಿದರೆ ಅವರ ಶಕ್ತಿ ಹೆಚ್ಚುತ್ತೆ. ನನ್ನ ಬರಹಗಳೂ ಅಷ್ಟೇ. ಈ ವಿವರಣೆಯಲ್ಲಿ ಡಿಎನ್‌ಎ ತುಣುಕಿಗೆ ಜಾಗವೇ ಇಲ್ಲ. ಜಾಗ ಇಲ್ಲದ್ದನ್ನು ನಾವು ಬಿಟ್ಟೆವು, ಬಿಟ್ಟಿದ್ದೇವೆ ಅನ್ನೋದನ್ನೂ ಮರೆತೆವು.

ಆ ತುಣುಕು ಮಾಡುವ ಕೆಲಸ ಶಕ್ತಿಯದ್ದಲ್ಲ, ಗುರುತಿನದು. ಡಿಎನ್‌ಎ ಅನ್ನೋದು ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದ ಬರವಣಿಗೆ. ಅದರಲ್ಲಿ ಸಿ ಆದ ಕೂಡಲೇ ಜಿ ಬರುವ ಜೋಡಿ ಲೆಕ್ಕದ ಪ್ರಕಾರ ಹದಿನಾರಕ್ಕೆ ಒಂದು ಸಿಗಬೇಕು. ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಹಾಗೇ ಸಿಗುತ್ತೆ. ನಮ್ಮ ಡಿಎನ್‌ಎಯಲ್ಲಿ ಮಾತ್ರ ಅದರ ಐದನೇ ಒಂದು ಭಾಗದಷ್ಟು, ಇರುವವುಗಳಲ್ಲೂ ಬಹುಪಾಲಿನ ಸಿ ಮೇಲೆ ಮೀಥೈಲ್ ಅನ್ನೋ ಸಣ್ಣ ಮುಚ್ಚಳ. ಅಂದ ಮೇಲೆ ಮುಚ್ಚಳ ಇಲ್ಲದ ಸಿ-ಜಿ ಕಂಡರೆ ಅದು ಹೊರಗಿನದು ಅಂತ ಅನುಮಾನಿಸಬಹುದು. ಹೀಗೆ ಅನುಮಾನಿಸೋದಕ್ಕೆ ನಮ್ಮ ಬಿ ಕೋಶಗಳಲ್ಲಿ ಟಿಎಲ್‌ಆರ್9 ಅನ್ನೋ ಗ್ರಾಹಕ ಇದೆ. ಪ್ರತಿಕಾಯ ತಯಾರಿಸೋದು ಇದೇ ಬಿ ಕೋಶಗಳ ಸಂತಾನ.

ಬ್ಯಾಕ್ಟೀರಿಯಾದ ಸಿ-ಜಿ ಬಿ ಕೋಶವನ್ನು ನೇರವಾಗಿ ಎಬ್ಬಿಸುತ್ತೆ ಅಂತ ಅಮೆರಿಕದ ಆರ್ಥರ್ ಕ್ರೀಗ್ ಮತ್ತು ಸಂಗಡಿಗರು ತೋರಿಸಿದ್ದು 1995ರಲ್ಲಿ. ಅದಕ್ಕೂ ಮೊದಲು, 1984ರಲ್ಲಿ, ಜಪಾನಿನ ಟೊಕುನಾಗ ತಂಡ ಬಿಸಿಜಿಯ ಡಿಎನ್‌ಎಗೆ ಇಂಥ ಗುಣ ಇದೆ ಅಂತ ಕಂಡಿತ್ತು. ಬಿಸಿಜಿ ಅಂದರೆ ನಮ್ಮಲ್ಲಿ ಎಷ್ಟೋ ಜನರ ಎಡತೋಳಿನ ಮೇಲೆ ಕಲೆ ಉಳಿಸಿದೆಯಲ್ಲ, ಅದೇ ಕ್ಷಯದ ಲಸಿಕೆ. ಡಿಎನ್‌ಎ ಅಂತ ಹೆದರಿದ ತಂದೆಗೂ ಹೇಳಿದ ನನಗೂ ಆ ಡಿಎನ್‌ಎ ತೋಳೊಳಗೆ ಎಂದೋ ಹೋಗಿತ್ತು.

ಸಿಪಿಜಿ 1018ರಲ್ಲಿ ಇರೋದು 22 ಅಕ್ಷರ, ಅದರಲ್ಲಿ ಸಿ-ಜಿ ಜೋಡಿ ಎರಡು. ದೇಹದ ಕಿಣ್ವಗಳು ಬೇಗ ಕತ್ತರಿಸದಿರಲಿ ಅಂತ ಅದರ ಬೆನ್ನೆಲುಬಿನಲ್ಲಿ ಕೆಲವು ಆಮ್ಲಜನಕದ ಜಾಗಕ್ಕೆ ಗಂಧಕ ಸೇರಿಸಿದ್ದಾರೆ. ವೈರಸ್ಸಿನ ಪ್ರೋಟೀನನ್ನು ಹಿಡಿದ ಬಿ ಕೋಶಕ್ಕೆ ಈ ತುಣುಕೂ ಸಿಕ್ಕರೆ ಅದು ಎರಡನೇ ಸಾಕ್ಷಿ. ಕೋಶ ಒಡೆದು ಹೆಚ್ಚುತ್ತೆ, ಪ್ರತಿಕಾಯ ಸುರಿಯೋಕೆ ಶುರುಮಾಡುತ್ತೆ. ಇನ್ನು ನೆರೆಯವರ ನಿಜವಾದ ಭಯ: ಇದು ಮಗಳ ಡಿಎನ್‌ಎ ಬದಲಿಸುತ್ತಾ? ಟಿಎಲ್‌ಆರ್9 ಇರೋದು ಕೋಶ ನುಂಗಿದ್ದನ್ನು ಅರಗಿಸುವ ಚೀಲದೊಳಗೆ, ತುಣುಕು ಕೆಲಸ ಮಾಡೋದೂ ಅಲ್ಲೇ. ನಮ್ಮ 300 ಕೋಟಿ ಅಕ್ಷರದ ಡಿಎನ್‌ಎ ಇರೋದು ಬೇರೆ ಕಡೆ, ಕೋಶಕೇಂದ್ರದಲ್ಲಿ. ಯಾವ ಪ್ರೋಟೀನಿಗೂ ಈ 22 ಅಕ್ಷರ ನಕ್ಷೆಯಲ್ಲ. ಇಷ್ಟನ್ನು ಮೊದಲ ದಿನವೇ ಓಣಿಯಲ್ಲಿ ನಿಂತು ಹೇಳಬಹುದಿತ್ತು.

'ಶಕ್ತಿ' ಅನ್ನೋ ಪದದ ಮೇಲೆ ನನಗೆ ಇನ್ನೊಂದು ತಕರಾರಿದೆ. ಶಕ್ತಿ ಅಂದಮೇಲೆ ಹೆಚ್ಚಿದಷ್ಟೂ ಒಳ್ಳೇದು ಅಂತ ಆಗುತ್ತೆ. ಲೂಪಸ್ ಕಾಯಿಲೆಯವರನ್ನು ನೋಡಿ, ಅವರ ಬಿ ಕೋಶಗಳು ಸ್ವಂತ ಡಿಎನ್‌ಎಗೇ ಪ್ರತಿಕಾಯ ಮಾಡುತ್ತವೆ. ಅಲ್ಲಿ ಶಕ್ತಿ ಕಡಿಮೆಯಿಲ್ಲ, ಗುರುತು ತಪ್ಪಿದೆ. ಇಂಥದ್ದೇ ಇನ್ನೊಂದು ಸಿಪಿಜಿ ತುಣುಕನ್ನು ಕಿಮೋ ಜೊತೆ ಶ್ವಾಸಕೋಶದ ಕ್ಯಾನ್ಸರಿಗೆ ಕೊಟ್ಟು ನೋಡಿದರು. ಲಾಭ ಕಾಣದೆ 2007ರಲ್ಲಿ ದೊಡ್ಡ ಪ್ರಯೋಗಗಳನ್ನು ನಿಲ್ಲಿಸಬೇಕಾಯ್ತು. ಇಲಿಗಳಲ್ಲಿ ಟಿಎಲ್‌ಆರ್9 ಹಲವು ಬಗೆಯ ಕೋಶಗಳಲ್ಲಿದೆ, ನಮ್ಮಲ್ಲಿ ಮುಖ್ಯವಾಗಿ ಬಿ ಕೋಶ ಮತ್ತು ಇನ್ನೊಂದು ಬಗೆಯಲ್ಲಿ ಮಾತ್ರ. ಇಲಿಗೆ ಚೆನ್ನಾಗಿ ಹಿಡಿಸುವ ಅಕ್ಷರಸಾಲು ನಮಗೆ ಅಷ್ಟಾಗಿ ಹಿಡಿಸಲ್ಲ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಅಂತ ಬರೆಯುವಾಗ ಯಾರಲ್ಲಿ ಅಂತ ಹೇಳದೆ ಮುಂದೆ ಹೋಗೋದು ನಮಗೆ ರೂಢಿ.

ಅಪಾಯದ ಮಾತನ್ನು ನುಂಗೋದೂ ರೂಢಿಯೇ. ಇದೇ ಸಿಪಿಜಿ 1018 ಇರುವ ಹೆಪಟೈಟಿಸ್-ಬಿ ಲಸಿಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2017ರ ನವೆಂಬರಿನಲ್ಲಿ. ಅದರಲ್ಲಿ ಈ ತುಣುಕು 3000 ಮೈಕ್ರೋಗ್ರಾಂ, ಅಂದರೆ ಕೋರ್ಬೆವ್ಯಾಕ್ಸಿನ ನಾಲ್ಕು ಪಟ್ಟು. ಹಳೇ ಲಸಿಕೆಗೆ ಆರು ತಿಂಗಳಲ್ಲಿ ಮೂರು ಡೋಸು ಬೇಕಿದ್ದರೆ ಇದಕ್ಕೆ ಒಂದು ತಿಂಗಳಲ್ಲಿ ಎರಡು ಸಾಕು. ಆದರೆ ವಯಸ್ಕರ ಒಂದು ಪ್ರಯೋಗದಲ್ಲಿ, ಇದನ್ನು ಪಡೆದವರ ಗುಂಪಿನಲ್ಲಿ ಹೃದಯಾಘಾತ ಹೆಚ್ಚು ಕಂಡಿತ್ತು. ಮಾರುಕಟ್ಟೆಗೆ ಬಂದ ಮೇಲೂ ಅಧ್ಯಯನ ಮಾಡಲೇಬೇಕು ಅನ್ನೋ ಷರತ್ತು ಬಿತ್ತು. ಆ ದೊಡ್ಡ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಇದನ್ನು ಮುಚ್ಚಿಟ್ಟು "ಏನೂ ಆಗಲ್ಲ" ಅನ್ನೋದಕ್ಕಿಂತ, ಅನುಮಾನ ಹೇಗೆ ಬಂತು, ಹೇಗೆ ಪರೀಕ್ಷಿಸಿದರು ಅಂತ ಹೇಳಿದರೆ ಕೇಳುವವರಿಗೆ ಧೈರ್ಯ ಹೆಚ್ಚು ಬರುತ್ತೆ ಅಂತ ನನ್ನ ನಂಬಿಕೆ.

"ಜನಕ್ಕೆ ಇದೆಲ್ಲ ಅರ್ಥ ಆಗಲ್ಲ, ಗಾಬರಿ ಆಗ್ತಾರೆ" ಅನ್ನೋ ವಾದ ನನಗೆ ಗೊತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಕೊನೆಗೆ ನೆರೆಯವರ ಮನೆಗೇ ಹೋದೆ. ಮೊದಲು "ನಾನು ಹೇಳಿದ್ದು ತಪ್ಪು, ಡಿಎನ್‌ಎ ಐತೆ" ಅಂತ ಒಪ್ಪಿಕೊಂಡೆ. ಆಮೇಲೆ ಸಿ-ಜಿ ವಿಷಯ ಹೇಳಿದೆ. ಮಷೀನು ನಿಲ್ಲಿಸಿ ಪೂರ್ತಿ ಕೇಳಿದರು. "ಅಂದ್ರೆ, ಹೊಲಿಗೆ ನೋಡಿ ಇದು ನಮ್ಮ ಅಂಗಡೀದಲ್ಲ ಅಂತ ನಾವು ಹೇಳ್ತೀವಲ್ಲ, ಹಂಗೇನು?" ಅಂದರು. ನನ್ನ ಕೋಟೆ-ಸೈನಿಕರಿಗಿಂತ ಇದು ಎಷ್ಟೋ ಸರಿಯಾದ ವಿವರಣೆ. ಆಮೇಲೆ ಇನ್ನೊಂದು ಕೇಳಿದರು: "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ಸಾರ್?"

ಎರಡನೇ ಡೋಸು ಆಯ್ತು, ಆದರೆ ತಡವಾಗಿ. ಆ ತಡದಲ್ಲಿ ನನ್ನ ಪಾಲಿದೆ. ಅದಕ್ಕೇ ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರಲ್ಲಿ, ನನ್ನನ್ನೂ ಸೇರಿಸಿ, ಒಂದೇ ಕೇಳಿಕೆ. ಲಸಿಕೆ ಬಗ್ಗೆ ಬರೆಯುವಾಗ ಅದರೊಳಗೆ ಏನೇನಿದೆ ಅನ್ನೋ ಪಟ್ಟಿಯನ್ನು ಪೂರ್ತಿ ಕೊಡಿ, ಒಂದೊಂದೂ ಯಾಕಿದೆ ಅಂತ ಒಂದೊಂದು ಸಾಲು ಬರೆಯಿರಿ. ಸೈನಿಕರನ್ನು ಆಮೇಲೆ ಕರೆದರಾಯ್ತು.