ಸೋಮನಾಥನ ವೈದ್ಯ ಮತ್ತು ಸಾಮಾನ್ಯ ಸಿದ್ಧಾಂತ

ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ವನ್ನು (ಸು. 1150) ಪೂಜ್ಯಪಾದರ ಸಂಸ್ಕೃತ ಕೃತಿಯ ಅನುವಾದವೆಂದು ಹೇಳಿ ಮುಂದೆ ಸಾಗುವುದು ನಮ್ಮ ಸಾಹಿತ್ಯ ಚರಿತ್ರೆಕಾರರ ರೂಢಿ. ಅದರ ಚಿಕಿತ್ಸೆ ಮದ್ಯಮಾಂಸವರ್ಜಿತವೆಂಬುದನ್ನು ಅವರು ಗುರುತಿಸಿಯೂ ಜೈನಪ್ರಭಾವವೆಂದು ಅಷ್ಟಕ್ಕೇ ಬಿಟ್ಟಿದ್ದಾರೆ. ಇದು ಪಥ್ಯಕ್ಕಿಂತ ಹೆಚ್ಚಾಗಿ ಶಾಸ್ತ್ರದ ಬುಡವನ್ನು ಮುಟ್ಟುವ ವಿಷಯವೆಂದು ನಾವು ಭಾವಿಸುತ್ತೇವೆ.

ಸಮಾನವು ಸಮಾನವನ್ನು ವರ್ಧಿಸುತ್ತದೆ, ವಿಪರೀತವು ಕುಗ್ಗಿಸುತ್ತದೆ ಎಂಬುದು ಚರಕಸಂಹಿತೆಯ ಅಡಿಗಲ್ಲು. ಆ ತರ್ಕದಂತೆ ಕ್ಷಯರೋಗಿಯ ಸೊರಗಿದ ಮಾಂಸಧಾತುವಿಗೆ ಮಾಂಸವೇ ಔಷಧ. ಅದನ್ನು ಒಲ್ಲದ ವೈದ್ಯನು ಸೂತ್ರವನ್ನೇ ಕೈಬಿಡಬೇಕೆ? ಬೇಕಿಲ್ಲ. ಸಜಾತೀಯ ದ್ರವ್ಯ ದೊರೆಯದಾಗ, ಅಥವಾ ಹೇಸಿಕೆಯಿಂದ ಬಳಸಲಾಗದಾಗ, ಅದರ ಗುಣವುಳ್ಳ ಬೇರೊಂದನ್ನು ಕೊಡಬಹುದೆಂದು ಶಾರೀರಸ್ಥಾನವೇ ಹೇಳುತ್ತದೆ. ಶುಕ್ರಕ್ಷಯಕ್ಕೆ ಹಾಲು ತುಪ್ಪಗಳು ಅಲ್ಲಿಯ ನಿದರ್ಶನ. ಚರಕನಲ್ಲಿ ಅಪವಾದವಾಗಿದ್ದುದು ಜೈನವೈದ್ಯರಲ್ಲಿ ನಿಯಮವಾಯಿತು. ಉಗ್ರಾದಿತ್ಯನಾದರೋ ಮಾಂಸನಿರಾಕರಣೆಯನ್ನು ಅಮೋಘವರ್ಷನ ಸಭೆಯಲ್ಲಿ ವಾದಿಸಿದವನು. ಅವನ ಸಂಸ್ಕೃತ 'ಕಲ್ಯಾಣಕಾರಕ' 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಅಂಧೇರಿಯ ಔಷಧದಂಗಡಿಯಲ್ಲಿ ಕ್ಯಾಪ್ಸೂಲಿನ ಜೆಲಟಿನ್ ಪ್ರಾಣಿಮೂಲದ್ದೇ ಎಂದು ವಿಚಾರಿಸುವ ಗೃಹಸ್ಥನು ತನಗರಿಯದೆ ಆ ಸಭೆಯ ಪ್ರಶ್ನೆಯನ್ನೇ ಎತ್ತುತ್ತಿರುತ್ತಾನೆ.

ಸೋಮನಾಥನ ಯೋಗಗಳನ್ನು ಚರಕ, ವಾಗ್ಭಟರ ಯೋಗಗಳ ಪಕ್ಕದಲ್ಲಿಟ್ಟು, ಮಾಂಸದ ಎಡೆಗೆ ಯಾವ ಸಸ್ಯ ಬಂದಿದೆಯೆಂದು ಒಂದೊಂದಾಗಿ ನೋಡಬೇಕು. ಅವನನ್ನು ಬರಿಯ ಅನುವಾದಕನೆನ್ನುವ ಮಾತು ಅಲ್ಲಿಯವರೆಗೆ ಕಾಯಬಹುದು.