ಸ್ಪೆನ್ಸರರ ವ್ಯಾಕರಣವೂ ಗಡಿಯ ಕಲಿಕೆಯೂ
ಹೆರಾಲ್ಡ್ ಸ್ಪೆನ್ಸರರ ಕನ್ನಡ ವ್ಯಾಕರಣ (1914) ಇಂಗ್ಲಿಷ್ ಬಲ್ಲವರಿಗಾಗಿ ಅಭ್ಯಾಸಪಾಠಗಳೊಡನೆ ರಚಿತವಾದುದು. ವಿಭಕ್ತಿ, ಕೃದಂತ, ಕ್ರಿಯಾಪದ ಕೊನೆಗೆ ಬರುವ ವಾಕ್ಯಕ್ರಮ ಇವೆಲ್ಲ ಅಂಥವರಿಗೆ ಹೊಸತು. ಅದೇ ಕ್ರಮದಲ್ಲಿ ಕಾಸರಗೋಡಿನ ಮಲಯಾಳ ಭಾಷಿಕರಿಗೆ ಪಾಠ ಹೇಳಿದರೆ ಬಲ್ಲದ್ದನ್ನೇ ಮತ್ತೆ ಕಲಿಸಿದಂತಾಗುತ್ತದೆ. ಅವರ ತೊಡಕು ಬೇರೆ: ಮಲಯಾಳದ ‘ವನ್ನು’ ಎಂಬೊಂದೇ ರೂಪ ಅವನಿಗೂ ಅವಳಿಗೂ ಅದಕ್ಕೂ ಸಲ್ಲುತ್ತದೆ, ಕನ್ನಡವಾದರೋ ‘ಬಂದನು’, ‘ಬಂದಳು’, ‘ಬಂದಿತು’ ಎಂದು ಭೇದವೆಣಿಸುತ್ತದೆ. ಸೊಲ್ಲಾಪುರದ ಮರಾಠಿ ಭಾಷಿಕರಿಗೆ ಈ ಭೇದ ಹೊಸದಲ್ಲ. ಆದರೆ ಅವರ ನುಡಿಯಲ್ಲಿ ನದಿ ಸ್ತ್ರೀಲಿಂಗ. ‘ನದಿ ಬಂದಳು’ ಎಂದಾರು. ಲಿಂಗವನ್ನು ಕ್ರಿಯಾಪದಕ್ಕೆ ಕೂಡಿಸುವುದು ಒಬ್ಬರ ಅಭ್ಯಾಸವಾದರೆ, ಜಡವಸ್ತುವಿನಿಂದ ಕಳಚುವುದು ಇನ್ನೊಬ್ಬರದು. ಪಾಲ್–ಹಾಲು, ಪಲ್ಲ್–ಹಲ್ಲು, ಪೂವ್–ಹೂವು ಎಂಬಂಥ ಜೋಡಿಗಳ ಒಂದು ಪುಟ ಮಲಯಾಳಿಗರಿಗೆ ದೊಡ್ಡ ಶಬ್ದಭಂಡಾರವನ್ನೇ ತೆರೆದೀತು (‘ಪುಲಿ’ ಅವರಿಗಿಂದು ಚಿರತೆ ಎಂಬ ಎಚ್ಚರದೊಡನೆ). ಸ್ಪೆನ್ಸರರ ಓದುಗರಿಗೆ ಆ ಪುಟದಿಂದ ಪ್ರಯೋಜನವಿರಲಿಲ್ಲ.