ಪ್ರಾಸ ಎಲ್ಲಿ ಹೋಯ್ತು? ವಿನ್ಯಾಸ ಕಲಿತ ಮೇಲೆ ಕನ್ನಡದ ಪುಟವನ್ನು ಓದುವುದು

ಪರದೆ ಕಾಣ್ತಾ ಉಂಟಲ್ಲ? ಸರಿ, ಸುರು ಮಾಡ್ತೇನೆ.

ಕಾಸರಗೋಡಿನ ಕಾವ್ಯದ ಬಗ್ಗೆ ಮಾತಾಡ್ತೇನೆ ಅಂತ ಹೆಸರು ಕೊಟ್ಟಿದ್ದೆ. ಮಾತು ಅದರ ಬಗ್ಗೆಯೇ, ಆದರೆ ಹೋಗುವ ದಾರಿ ಸ್ವಲ್ಪ ಬೇರೆ. ಎಂ.ಎ. ಸೇರುವ ಮೊದಲು ನಾನು ಒಂದು ವರ್ಷ ಗ್ರಾಫಿಕ್ ಮತ್ತು ವೆಬ್ ವಿನ್ಯಾಸ ಕಲಿತಿದ್ದೆ. ಮನೆಯವರ ಲೆಕ್ಕದಲ್ಲಿ ಅದು ಹೊಟ್ಟೆಪಾಡಿಗೆ, ಕನ್ನಡ ಎಂ.ಎ. ನನ್ನ ಹಟಕ್ಕೆ. ಎರಡಕ್ಕೂ ಸಂಬಂಧ ಇಲ್ಲ ಅಂತ ನಾನೂ ತಿಳ್ಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾದದ್ದು ಒಂದು ಪೋಸ್ಟರಿನಿಂದ.

ಊರಿನ ವಾಚನಾಲಯದ ಒಂದು ಕಾರ್ಯಕ್ರಮಕ್ಕೆ ಭಾಮಿನಿ ಷಟ್ಪದಿಯ ಒಂದು ಪದ್ಯ ಹಾಕಿ ಪೋಸ್ಟರ್ ಮಾಡಿದ್ದೆ. ಒಳ್ಳೆಯ ಅಕ್ಷರಶೈಲಿ, ತಿಳಿ ಬಣ್ಣ, ಸುತ್ತ ಬೇಕಾದಷ್ಟು ಖಾಲಿ ಜಾಗ. ಆರೂ ಸಾಲುಗಳನ್ನು ಪುಟದ ಮಧ್ಯಕ್ಕೆ ಸರಿಹೊಂದಿಸಿದ್ದೆ, ಇಂಗ್ಲಿಷಿನಲ್ಲಿ ಸೆಂಟರ್ ಅಲೈನ್ ಅಂತಾರಲ್ಲ, ಹಾಗೆ. ನಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಷ್ಟ್ರು, ಈಗ ನಿವೃತ್ತರು, ಅದರ ಎದುರು ಸುಮಾರು ಹೊತ್ತು ನಿಂತರು. "ಚಂದ ಆಗಿದೆ. ಆದ್ರೆ ಪ್ರಾಸ ಎಲ್ಲಿ ಹೋಯ್ತು ಮಗಾ?" ಅಂತ ಕೇಳಿದರು. ಒಂದಕ್ಷರವನ್ನೂ ಬಿಟ್ಟಿಲ್ಲ ಸಾರ್ ಅಂದೆ. ಅವರು ಬೆರಳಿಟ್ಟು ತೋರಿಸಿದರು. ಮೊದಲ ಸಾಲಿನ ಎರಡನೆಯ ಅಕ್ಷರ ಇಲ್ಲಿ, ಎರಡನೆಯ ಸಾಲಿನದ್ದು ಸ್ವಲ್ಪ ಈಚೆ, ಮೂರನೆಯದ್ದು ಎಲ್ಲೋ ಎಡಗಡೆ ದೂರ. ಅಕ್ಷರ ಎಲ್ಲ ಉಂಟು, ಆದರೆ ಪ್ರಾಸ ಕಾಣುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ತೇನೆ. ದ್ವಿತೀಯಾಕ್ಷರ ಪ್ರಾಸವನ್ನು ನಾವು ಕಿವಿಯ ಅಲಂಕಾರ ಅಂತಲೇ ಪಾಠದಲ್ಲಿ ಓದುವುದು. ಗಮಕದಲ್ಲಿ, ಭಾಗವತರ ಬಾಯಲ್ಲಿ ಅದು ಕಿವಿಯದ್ದೇ. ಆದರೆ ಅಚ್ಚಿನ ಪುಟದಲ್ಲಿ ಸಾಲುಗಳು ಎಡ ಅಂಚಿಗೆ ಒಂದರ ಕೆಳಗೊಂದು ನಿಂತಾಗ ಪ್ರಾಸಾಕ್ಷರಗಳೂ ಹೆಚ್ಚು ಕಡಿಮೆ ಒಂದೇ ನೇರದಲ್ಲಿ ಬರುತ್ತವೆ. ಓದುವವನ ಕಣ್ಣು ಅಡ್ಡಕ್ಕೂ ಹೋಗ್ತದೆ, ಮೇಲಿಂದ ಕೆಳಕ್ಕೂ ಇಳೀತದೆ. ನಮ್ಮಲ್ಲಿ ಎಷ್ಟೋ ಜನ ಹಳೆಯ ಪದ್ಯದ ಪ್ರಾಸವನ್ನು ಗುರುತಿಸಲು ಕಲಿತದ್ದು ಹೀಗೆ ಕಣ್ಣಿನಿಂದಲೇ. ಪರೀಕ್ಷೆಗೆ ಓದುವಾಗ ಯಾರೂ ರಾಗ ಎಳೆದು ಹಾಡುವುದಿಲ್ಲವಲ್ಲ. ನಾನು ಒಂದು ಗುಂಡಿ ಒತ್ತಿ ಸಾಲುಗಳನ್ನು ಮಧ್ಯಕ್ಕೆ ತಂದಾಗ ಆ ಕೆಳಮುಖದ ಓದನ್ನು ಅಳಿಸಿದ್ದೆ. ಅದನ್ನು ಅಲಂಕಾರ ಅಂತ ತಿಳಿದು ಮಾಡಿದ್ದೆ. ಈಗ ನೋಡಿದರೆ ಅದು ಸಂಪಾದಕನ ಕೆಲಸ, ಅದೂ ಕೆಟ್ಟ ಸಂಪಾದನೆ. ಪುಟದ ವಿನ್ಯಾಸವೂ ಪಠ್ಯದ ಒಂದು ವ್ಯಾಖ್ಯಾನ, ಅದನ್ನು ವಿಮರ್ಶೆಯ ಒಳಗೆ ತರಬೇಕು ಅನ್ನುವುದು ಇವತ್ತಿನ ನನ್ನ ವಾದ.

ಸಾಲು ಅನ್ನುವುದೇ ಪುಟ ಕೊಟ್ಟ ವಸ್ತು. ಓಲೆಗರಿಯಲ್ಲಿ ಲಿಪಿಕಾರ ಗರಿಯ ಈ ತುದಿಯಿಂದ ಆ ತುದಿಗೆ ಬರೆದುಕೊಂಡು ಹೋಗುತ್ತಿದ್ದ. ಪದ್ಯದ ಪಾದ ಎಲ್ಲಿ ಮುಗೀತದೆ ಅನ್ನುವುದು ಓದುವವನಿಗೆ ಛಂದಸ್ಸಿನಿಂದ ಗೊತ್ತಾಗಬೇಕು. ಪಾದಕ್ಕೊಂದು ಸಾಲು ಅನ್ನುವ ಪದ್ಧತಿ ನಮಗೆ ರೂಢಿಯಾದದ್ದು ಅಚ್ಚಿನ ಪುಸ್ತಕಗಳಿಂದ. ನಮ್ಮ ಕರಾವಳಿ ಇದರಲ್ಲಿ ಹಿಂದೆ ಬಿದ್ದದ್ದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಅಲ್ಲಿ ಅಕ್ಷರವನ್ನು ಕೈಯಲ್ಲೇ ಬರೆಯಬೇಕು, ಹಾಗಾಗಿ ಒತ್ತಕ್ಷರಕ್ಕೆ ಬೇಕಾದ ಜಾಗವನ್ನು ಬರೆಯುವ ಕೈಯೇ ಬಿಟ್ಟುಕೊಳ್ಳುತ್ತದೆ. ಕಾಸರಗೋಡು ಆಗ ಅದೇ ಜಿಲ್ಲೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರುವವರೆಗೂ ನಮ್ಮ ಅಚ್ಚಿನ ಪೇಟೆ ಮಂಗಳೂರೇ. ಇವತ್ತಿಗೂ ಪುಸ್ತಕ ಅಚ್ಚು ಹಾಕಿಸಲಿಕ್ಕೆ ಅಲ್ಲಿಗೆ ಹೋಗುವವರು ಬೇಕಾದಷ್ಟು ಜನ ಉಂಟು.

ಇನ್ನು ಗೋವಿಂದ ಪೈಗಳು. 1911ರಲ್ಲಿ ಅವರು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟದ್ದು ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ದೊಡ್ಡ ಘಟನೆ ಅಂತ ನಾವೆಲ್ಲ ಉತ್ತರಪತ್ರಿಕೆಯಲ್ಲಿ ಬರೆದವರೇ. ಅದನ್ನು ಧ್ವನಿಯ ಕಡೆಯಿಂದ, ಅರ್ಥಸ್ವಾತಂತ್ರ್ಯದ ಕಡೆಯಿಂದ ಚರ್ಚಿಸಿದ್ದಾರೆ. ನಾನು ಪುಟದ ಕಡೆಯಿಂದ ಕೇಳ್ತೇನೆ: ಪ್ರಾಸ ಹೋದ ಮೇಲೆ ಎಡ ಅಂಚಿನಲ್ಲಿ ಉಳಿದದ್ದು ಏನು? ಮೊದಲು ಅಲ್ಲಿ ಕಣ್ಣಿಗೆ ಒಂದು ಆಧಾರ ಇತ್ತು. ಅದು ಹೋದ ಮೇಲೆ ಸಾಲನ್ನು ಸಾಲು ಅಂತ ಹೇಳುವ ಜವಾಬ್ದಾರಿ ಸಾಲಿನ ಕೊನೆಗೆ, ಉದ್ದಕ್ಕೆ, ಒಳಗೆ ಸರಿಸಿ ಇಡುವ ಕ್ರಮಕ್ಕೆ ಬಂತು. ಹಳೆಯ ಪದ್ಯದಲ್ಲಿ ಎಡ ಅಂಚು ಮುಖ್ಯ, ಹೊಸ ಕವಿತೆಯಲ್ಲಿ ಬಲ ಅಂಚು ಮುಖ್ಯ. ಹಾಗಾದರೆ ಎರಡನ್ನೂ ಒಂದೇ ಅಚ್ಚಿಗೆ ಹಾಕಲಿಕ್ಕೆ ಆಗುವುದಿಲ್ಲ. ಹಳೆಯ ಪದ್ಯವನ್ನು ಮಧ್ಯಕ್ಕೆ ತಂದರೆ ಕೆಡ್ತದೆ. ಹೊಸ ಕವಿತೆ ಕೆಡುವುದು ಬೇರೆ ರೀತಿಯಲ್ಲಿ, ಫೋನಿನ ಕಿರಿದಾದ ಪರದೆಯಲ್ಲಿ ಸಾಲು ತನ್ನಷ್ಟಕ್ಕೆ ಮಡಚಿ ಕೆಳಗೆ ಬಿದ್ದಾಗ. ಕವಿ ಮುರಿದ ಸಾಲು ಯಾವುದು, ಫೋನು ಮುರಿದ ಸಾಲು ಯಾವುದು ಅಂತ ಓದುವವನಿಗೆ ಗೊತ್ತಾಗುವುದಿಲ್ಲ. ನವ್ಯದ ಮೇಲೆ ಪ್ರಬಂಧ ಬರೆಯುವವರು ಫೋನಿನಲ್ಲಿ ಓದಿದ ಪದ್ಯವನ್ನು ನಂಬಿ ಸಾಲಿನ ಮುರಿತದ ಬಗ್ಗೆ ಬರೆಯಬೇಡಿ ಮಾರಾಯ್ರೆ. ನಾನೇ ಒಮ್ಮೆ ಬರೆದು ಬೈಸಿಕೊಂಡಿದ್ದೇನೆ.

ಕೋರ್ಸಿನಲ್ಲಿ ನಮಗೆ ಕಲಿಸಿದ್ದೆಲ್ಲ ರೋಮನ್ ಅಕ್ಷರ ಇಟ್ಟುಕೊಂಡೇ. ಕಲಿಸಿದವರು ಒಳ್ಳೆಯವರು, ಮಲಯಾಳದವರು, ಕನ್ನಡ ಓದಲು ಬಾರದು. ಸಾಲಿಗೂ ಸಾಲಿಗೂ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಇಟ್ಟರೆ ಶೀರ್ಷಿಕೆ ಬಿಗಿಯಾಗಿ ಕಾಣ್ತದೆ ಅಂತ ಹೇಳಿಕೊಟ್ಟರು. ಹಾಗೆಯೇ ಒಂದು ವೆಬ್ ಪುಟ ಮಾಡಿ, ಶೀರ್ಷಿಕೆಯ ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನು ಅಡಗಿಸಲು ಒಂದು ಆಜ್ಞೆಯನ್ನೂ ಬರೆದೆ. ಚಿಕ್ಕಮ್ಮನ ಮಗಳು ಮಲಯಾಳ ಮಾಧ್ಯಮದಲ್ಲಿ ಆರನೇ ಕ್ಲಾಸು, ಕನ್ನಡವನ್ನು ಮನೆಯಲ್ಲಿ ಕಲೀತಾ ಇದ್ದಾಳೆ. ಅವಳು ನನ್ನ ಪುಟ ನೋಡಿ ಜೋರಾಗಿ ಓದಿದಳು: "ಹಳಿಯ ಶಾಲೆ." ನಾನು ಬರೆದದ್ದು ಹಳ್ಳಿಯ ಶಾಲೆ. ಕೆಳಗಿನ ಒತ್ತು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ತುಂಡಾಗಿತ್ತು. ಅವಳ ತಪ್ಪೇನೂ ಇಲ್ಲ, ಕಂಡದ್ದನ್ನು ಓದಿದಳು. ಕನ್ನಡ ಬಲ್ಲವನು ಅಂದಾಜಿನಲ್ಲಿ ತಿದ್ದಿಕೊಂಡು ಓದ್ತಾನೆ, ಕಲಿಯುವವಳಿಗೆ ಆ ಅಂದಾಜು ಇನ್ನೂ ಬಂದಿಲ್ಲ. ಬೆಂಗಳೂರಿನ ಮಗುವಿಗೆ ಸರಿಯಾದ 'ಹಳ್ಳಿ' ಬಸ್ಸಿನ ಬೋರ್ಡಿನಲ್ಲಾದರೂ ಮತ್ತೆ ಸಿಗ್ತದೆ. ಇವಳಿಗೆ ದಿನಕ್ಕೆ ಸಿಗುವ ಕನ್ನಡವೇ ಕೆಲವು ಸಾಲು, ಅದರಲ್ಲಿ ಒಂದು ನನ್ನದು.

ಕನ್ನಡದ ಅಕ್ಷರಕ್ಕೆ ಮೂರು ಅಂತಸ್ತು ಉಂಟು. ಮೇಲೆ ತಲೆಕಟ್ಟು, ಗುಡಿಸು. ನಡುವೆ ಅಕ್ಷರದ ಮೈ. ಕೆಳಗೆ ಒತ್ತು. ನಮ್ಮ ದ್ವಿತ್ವ, ಅಂದರೆ ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ, ಕೆಳಗಿನ ಅಂತಸ್ತಿನಲ್ಲಿ ಇರುವುದು. 'ಕನ್ನಡ' ಅನ್ನುವ ಶಬ್ದವೂ ಹಾಗೆಯೇ, ಕೆಳಗೆ ಕತ್ತರಿಸಿದರೆ 'ಕನಡ'. ಮಲಯಾಳದ ದ್ವಿತ್ವಗಳಲ್ಲಿ ಹಲವು ಅಕ್ಕಪಕ್ಕ ಕೂಡಿಕೊಂಡು ಒಂದೇ ಸಾಲಿನ ಮೇಲೆ ನಿಲ್ತವೆ. ಹಾಗಾಗಿ ಎರಡು ಭಾಷೆಯ ಬೋರ್ಡಿನಲ್ಲಿ ಎರಡಕ್ಕೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ. ಒತ್ತಿಗೂ ಅದರೊಳಗೇ ಜಾಗ ಮಾಡಬೇಕಾಗಿ ಕನ್ನಡದ ಅಕ್ಷರದ ಮೈ ಸಣ್ಣದಾಗ್ತದೆ. ನಮ್ಮ ಬೋರ್ಡುಗಳಲ್ಲಿ ಕನ್ನಡ ಸಣ್ಣಗೆ ಕಾಣುವುದಕ್ಕೆಲ್ಲ ದ್ವೇಷವೇ ಕಾರಣ ಅಂತ ನಾವು ಭಾಷಣದಲ್ಲಿ ಹೇಳ್ತೇವೆ. ಕೆಲವು ಕಡೆ ಅದೂ ಇರಬಹುದು. ಎಷ್ಟೋ ಕಡೆ ಕಾರಣ ಅಳತೆಪಟ್ಟಿ. ಅಳತೆಯ ತಪ್ಪನ್ನು ತಿದ್ದಲು ಚಳುವಳಿ ಬೇಡ, ಬೋರ್ಡ್ ಬರೆಯುವವನ ಹತ್ತಿರ ಹೋಗಿ ಕನ್ನಡದ ಪಟ್ಟಿಯನ್ನು ಸ್ವಲ್ಪ ಎತ್ತರ ಮಾಡಿ ಅಂದರೆ ಸಾಕು. ನನ್ನ ವೆಬ್ ಪುಟದಲ್ಲಿ ಅಂತರವನ್ನು 1.7ಕ್ಕೆ ಏರಿಸಿದೆ, ಹಳ್ಳಿ ವಾಪಸು ಬಂತು.

ಯಂತ್ರ ನಮ್ಮ ಅಕ್ಷರವನ್ನು ಎಣಿಸುವ ರೀತಿಯೂ ನೋಡುವಂಥದ್ದೇ. 'ಸ್ತ್ರೀ' ಅನ್ನಿ. ಕಣ್ಣಿಗೆ ಒಂದು ಅಕ್ಷರ. ಛಂದಸ್ಸಿನಲ್ಲಿ ಒಂದು ಗುರು, ಎರಡು ಮಾತ್ರೆ. ಯೂನಿಕೋಡಿನಲ್ಲಿ ಆರು ಸಂಕೇತ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈತ್ವ. ಶೀರ್ಷಿಕೆ ಉದ್ದ ಆದರೆ ಇಷ್ಟು ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕು ಅಂತ ನಾನು ಬರೆದ ಆಜ್ಞೆ ಎಣಿಸುವುದು ಆ ಆರನ್ನು. ಹಾಗಾಗಿ ಅದು ಒಂದು ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಹಾಕಿತು, 'ಸ್' ಅಂತ ನಿಂತಿತು. ಅಕ್ಷರ ಅಂದರೆ ಯಾವುದು ಅನ್ನುವ ಪ್ರಶ್ನೆ ನಮ್ಮ ಲಾಕ್ಷಣಿಕರಿಗೆ ಇದ್ದ ಪ್ರಶ್ನೆಯೇ. ವ್ಯಾಕರಣದ ಕ್ಲಾಸಿನಲ್ಲಿ ಆಕಳಿಸಿಕೊಂಡು ಕೇಳಿದ ಗುಣಿತಾಕ್ಷರ, ಸಂಯುಕ್ತಾಕ್ಷರ ನನಗೆ ಮತ್ತೆ ಬೇಕಾದದ್ದು ಈ ಕತ್ತರಿಯನ್ನು ತಿದ್ದುವಾಗ.

ಫೋಟೋಶಾಪಿನ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತುಂಟು. ಅದರ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇದ್ದ ಆಯ್ಕೆಯನ್ನು ಹುಡುಕಿ ಆನ್ ಮಾಡದಿದ್ದರೆ ಯೂನಿಕೋಡ್ ಕನ್ನಡದಲ್ಲಿ ಒತ್ತುಗಳು ಬಿಚ್ಚಿಕೊಂಡು ಸಾಲಾಗಿ ನಿಲ್ತಿದ್ದವು. ಅದಕ್ಕೇ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ, ಹಳೆಯ ಬರಹದ ಅಕ್ಷರಶೈಲಿಗಳೇ ನಡೆಯುವುದು. ಅದರಲ್ಲಿ ಮಾಡಿದ ಪುಟ ಅಚ್ಚಿಗೆ ಚೆನ್ನಾಗಿ ಹೋಗ್ತದೆ. ಆದರೆ ಆ ಕಡತದ ಒಳಗೆ ಇರುವುದು ಕನ್ನಡ ಅಲ್ಲ, ಕನ್ನಡದ ವೇಷ ಹಾಕಿದ ರೋಮನ್ ಸಂಕೇತ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ಚುಕ್ಕಿ. ಹುಡುಕಿದರೆ ಸಿಗುವುದಿಲ್ಲ. ನಮ್ಮ ಗಡಿನಾಡಿನಲ್ಲಿ ಬರಹ ಉಳಿಯುವುದು ದೊಡ್ಡ ಪ್ರಕಾಶನಗಳಲ್ಲಿ ಅಲ್ಲ. ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ದೇವಸ್ಥಾನದ ಬ್ರಹ್ಮಕಲಶದ ಪುಸ್ತಿಕೆ, ಯಕ್ಷಗಾನ ಸಂಘದ ವಾರ್ಷಿಕ ಸಂಚಿಕೆ, ಇವುಗಳಲ್ಲಿ. ನನ್ನ ಪ್ರಬಂಧಕ್ಕೆ ಬೇಕಾದ ಒಂದು ಸ್ಮರಣ ಸಂಚಿಕೆಯ ಕಡತ ಅಂಗಡಿಯ ಹಳೆಯ ಸಿಡಿಯಲ್ಲಿ ಸಿಕ್ಕಿತು. ತೆರೆದರೆ ಗೀಟು ಚುಕ್ಕಿ. ಪರಿವರ್ತಿಸಿದ ಮೇಲೂ ಅರ್ಕಾವತ್ತುಗಳೆಲ್ಲ ಸ್ಥಾನ ತಪ್ಪಿದ್ದವು. ಎರಡು ವಾರ ಕೂತು ಕೈಯಲ್ಲೇ ತಿದ್ದಿದೆ. ಕನ್ನಡ ವಿಭಾಗದಲ್ಲಿ ಗ್ರಂಥಸಂಪಾದನೆ ಪತ್ರಿಕೆಗೆ ಓಲೆಗರಿಯ ಲಿಪಿಕಾರನ ದೋಷಗಳನ್ನು ಕಲೀತೇವೆ. ಪರಿವರ್ತಕ ತಂತ್ರಾಂಶದ ದೋಷಗಳನ್ನೂ ಅದೇ ಪತ್ರಿಕೆಯಲ್ಲಿ ಕಲಿಸಬೇಕು ಅಂತ ನನ್ನ ಅಭಿಪ್ರಾಯ.

ಪಕ್ಕದ ಮಲಯಾಳದಲ್ಲಿ ಇಂಥ ಜಗಳ ಬಹಿರಂಗವಾಗಿಯೇ ನಡೆದಿದೆ. 1971ರ ಲಿಪಿ ಸುಧಾರಣೆಯಲ್ಲಿ ಯಂತ್ರದ ಅನುಕೂಲಕ್ಕೆ ಅಂತ ಅನೇಕ ಕೂಡಕ್ಷರಗಳನ್ನು ಬಿಡಿಸಿದರು. 1999ರಲ್ಲಿ 'ರಚನ' ಹಳೆಯ ಲಿಪಿಯನ್ನು ಕಂಪ್ಯೂಟರಿಗೆ ತಂದಿತು. ಯಂತ್ರಕ್ಕಾಗಿ ಲಿಪಿಯೋ ಲಿಪಿಗಾಗಿ ಯಂತ್ರವೋ ಅಂತ ಅವರು ಕೇಳಿಕೊಂಡರು. ನಾವು ಲಿಪಿಯನ್ನು ಬಿಟ್ಟುಕೊಡಲಿಲ್ಲ, ಅದು ಒಳ್ಳೆಯದೇ. ಆದರೆ ಪುಟದ ಬಗ್ಗೆ ಮಾತೂ ಆಡಲಿಲ್ಲ.

ಇಷ್ಟು ಹೇಳಿ ಸ್ಮರಣ ಸಂಚಿಕೆಗಳನ್ನು ಬೈಯುವುದು ಸುಲಭ. ಕವಿತೆಯನ್ನು ಲೇಖನ ಮುಗಿದು ಉಳಿದ ಜಾಗಕ್ಕೆ ತುಂಬುವುದು, ಹೂವಿನ ಚೌಕಟ್ಟು, ಅಕ್ಷರಕ್ಕೆ ನೆರಳು, ಎರಡೂ ಬದಿ ಸಮ ಮಾಡಲು ಹೋಗಿ ಉದ್ದ ಉದ್ದ ಶಬ್ದಗಳ ನಡುವೆ ಬಿದ್ದ ಹೊಂಡಗಳು. ಮೊದಲ ವರ್ಷ ನಾನೂ ನಕ್ಕಿದ್ದೆ. ಆಮೇಲೆ ಒಂದು ಸಂಚಿಕೆಯ ಪುಟ ಕಟ್ಟುವ ಕೆಲಸ ನನಗೇ ಬಂತು. ಅಚ್ಚಿನವರ ಲೆಕ್ಕ ಪುಟಕ್ಕೆ ಇಷ್ಟು ಅಂತ. ಕವಿತೆಗೊಂದು ಪೂರ್ತಿ ಪುಟ ಬಿಡೋಣ ಅಂದೆ. ಸಮಿತಿಯವರು ಒಂದು ಜಾಹೀರಾತು ಕಮ್ಮಿ ಆಗ್ತದಲ್ಲ ಅಂದರು. ಬಿಳಿ ಜಾಗಕ್ಕೂ ಹಣ ಬೇಕು ಅನ್ನುವುದನ್ನು ಕೋರ್ಸಿನಲ್ಲಿ ಹೇಳಿರಲಿಲ್ಲ. ಕೊನೆಗೆ ಕವಿತೆಯನ್ನು ಅರ್ಧ ಪುಟದಲ್ಲೇ ಇಟ್ಟು, ಎಡಕ್ಕೆ ಸರಿಸಿ, ಚೌಕಟ್ಟು ತೆಗೆದು, ಸಾಲಿನ ಅಂತರ ಹೆಚ್ಚಿಸಿದೆ. ಅಷ್ಟಕ್ಕೆ ಯಾರೂ ತಕರಾರು ಮಾಡಲಿಲ್ಲ.

ಈಗ ನಾನು ಮಾಡ್ತಾ ಇರುವ ಪುಟವನ್ನು ತೋರಿಸ್ತೇನೆ. ಷಟ್ಪದಿಗೆ ಎರಡೂ ತೊಂದರೆ ಒಟ್ಟಿಗೆ ಉಂಟು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರಕ್ಕೆ 23. ಪ್ರಾಸ ಕಾಣಬೇಕಾದರೆ ಆರೂ ಎಡಕ್ಕೆ ಒಂದೇ ನೇರದಲ್ಲಿ ಇರಬೇಕು. ಆದರೆ 23 ಮಾತ್ರೆಯ ಸಾಲು ಫೋನಿನ ಅಗಲದಲ್ಲಿ ಹಿಡಿಸುವುದಿಲ್ಲ, ಮಡಚಿ ಕೆಳಗೆ ಬಂದು ಏಳನೆಯ ಸಾಲಿನ ಹಾಗೆ ಕಾಣ್ತದೆ. ಅದಕ್ಕೆ ಪ್ರತಿ ಪಾದವನ್ನೂ ಬೇರೆ ತುಂಡಾಗಿ ಇಟ್ಟು, ಮಡಚಿದ ಭಾಗ ಮಾತ್ರ ಒಳಗೆ ಸರಿದು ನಿಲ್ಲುವ ಹಾಗೆ ಮಾಡಿದ್ದೇನೆ. ಆಗ ಎಡ ಅಂಚಿನಲ್ಲಿ ಆರು ಪಾದಗಳ ಆರಂಭ ಮಾತ್ರ ಉಳಿಯುತ್ತದೆ. ಮಾಷ್ಟ್ರಿಗೆ ಕಳಿಸಿದೆ. ಅವರು ಫೋನನ್ನು ದೂರ ಹಿಡಿದು ನೋಡಿ, ಪ್ರಾಸ ಬಂತು ಅಂದರು. ಆಮೇಲೆ ಅಕ್ಷರ ದೊಡ್ಡದು ಮಾಡಿ ನೋಡಿದರಂತೆ, ಕನ್ನಡಕ ಇಲ್ಲದೆ ಓದಲಿಕ್ಕೆ. ಮೂರನೆಯ ಸಾಲು ಎರಡಲ್ಲ, ಮೂರು ತುಂಡಾಯಿತು. ಅದನ್ನು ಏನು ಮಾಡುವುದು ಅಂತ ಇನ್ನೂ ನೋಡ್ತಾ ಇದ್ದೇನೆ.